ನಾಲ್ಕು ಮೂಲೆಯ ಸಾಲಿ

ನನಗೆ ನೌಕರಿ ಸಿಕ್ಕ ಮೊದಲ ಶಾಲೆಗೆ ಇದ್ದದ್ದು ಒಂದೇ ಕೋಣೆ. ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದು ನಡೆದರೆ ಸಿಗುವ ಸಣ್ಣ ಊರು ಅದು. ತೊಂಬತ್ತರ ದಶಕದ ನಡುವಿನ ಮಾತು. ಕೋಣೆಗೆ ಕೆಂಪು ಕಲ್ಲಿನ ಗೋಡೆ, ಹಾಸುಗಲ್ಲಿನ ನೆಲ, ಮೇಲೆ ಹಂಚು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳೆಲ್ಲ ಅದರೊಳಗೇ ನಾಲ್ಕು ಸಾಲಾಗಿ ಕೂಡುತ್ತಿದ್ದರು. ಸಾಲಿನ ಮುಂದೆ ಸಾಲು, ಎಲ್ಲರ ಮುಖವೂ ಒಂದೇ ಹಲಗೆಯ ಕಡೆಗೆ.

ಆ ಶಾಲೆಗೆ ಇಬ್ಬರೇ ಶಿಕ್ಷಕರು. ಒಬ್ಬಳು ನಾನು, ಇನ್ನೊಬ್ಬರು ಹೆಡ್ ಮಾಸ್ತರು. ಅವರು ಮುನವಳ್ಳಿಯವರು, ನಿವೃತ್ತಿಗೆ ಹತ್ತಿರ ಬಂದವರು. ಬಿಳಿ ಧೋತರ, ಬಿಳಿ ಅಂಗಿ, ದಪ್ಪ ಗಾಜಿನ ಕನ್ನಡಕ. ವಾರವೆಲ್ಲ ಆ ಊರಿನಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರದ ಬೆಳಗಿನ ಸಾಲಿ ಮುಗಿಸಿ ಮುನವಳ್ಳಿಗೆ ಹೋಗುತ್ತಿದ್ದರು. ನಾನು ಸಾಲಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಇರುತ್ತಿದ್ದೆ. ಶನಿವಾರ ನಾವಿಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅವರು ಮುನವಳ್ಳಿಗೆ ಇಳಿದರೆ ನಾನು ಮುಂದೆ ಬೈಲಹೊಂಗಲಕ್ಕೆ.

ಮೊದಲ ದಿನವೇ ಅವರು ನನಗೆ ಶಾಲೆಯ ಪದ್ಧತಿ ತಿಳಿಸಿದರು. "ಅಕ್ಕೋರ, ಸಾಲು ನಾಕು, ನಾವು ಇಬ್ಬರು. ಅದರಾಗ ನನಗ ಮ್ಯಾಲಿಂದ ಮ್ಯಾಲೆ ರಾಮದುರ್ಗಕ್ಕ ಮೀಟಿಂಗ. ನೀವು ಒಂದು ಸಾಲಿನವ್ರಿಗಿ ಪಾಠ ಹೇಳ್ರಿ, ಉಳಿದವರು ಕಾಪಿ ಬರೀತಾರ. ಹಂಗ ನಡಕೋತ ಬಂದೈತಿ."

ಹಾಗೇ ನಡೆಯಿತು. ಒಂದು ಸಾಲಿಗೆ ಪಾಠವಾಗುವಾಗ ಮೂರು ಸಾಲು ಕಾಯುತ್ತಿದ್ದವು. ಮಕ್ಕಳು ಎಷ್ಟು ಸುಮ್ಮನೆ ಕಾಯಬಲ್ಲರು ಎಂಬುದನ್ನು ನಾನು ಅಲ್ಲಿ ಕಂಡೆ. ಪಾಟಿಯ ಮೇಲೆ ಬರೆದದ್ದನ್ನೇ ಉಗುಳು ಹಚ್ಚಿ ಒರೆಸಿ ಮತ್ತೆ ಬರೆಯುವರು. ಹಂಚಿನ ಸಂದಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಕಾಸನ್ನು ಬೆರಳಿಂದ ಮುಚ್ಚಿ ತೆಗೆದು ಮಾಡುವರು. ನಾನು ದರ್ಜಿಯ ಮಗಳು. ಬೈಲಹೊಂಗಲದ ಪೇಟೆಯಲ್ಲಿ ಅಪ್ಪನ ಅಂಗಡಿಯಲ್ಲಿ ಬೆಳೆದವಳು. ಅಲ್ಲಿ ಒಬ್ಬರು ಅರಿವೆ ಕತ್ತರಿಸಿದರೆ ಒಬ್ಬರು ಹೊಲಿಯುವರು, ಇನ್ನೊಬ್ಬರು ಕಾಜಾ ಮಾಡುವರು, ಮೂಲೆಯಲ್ಲಿ ಇಸ್ತ್ರಿಯ ಉಗಿ ಏಳುತ್ತಲೇ ಇರುವುದು. ಯಾರ ಕೈಯೂ ಬರಿದಾಗಿರುತ್ತಿರಲಿಲ್ಲ. ಈ ಮಕ್ಕಳ ಬರಿಗೈ ನೋಡುವುದು ನನಗೆ ಸಂಕಟವಾಗುತ್ತಿತ್ತು, ಆದರೆ ಬೇರೆ ದಾರಿ ಹೊಳೆಯುತ್ತಿರಲಿಲ್ಲ.

ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಡ್ಡಿಯಂತೆ ತೆಳ್ಳಗೆ, ಎರಡು ಬಿಗಿ ಜಡೆ, ಏನು ಹೇಳಿದರೂ ಬಾಯಿ ಸ್ವಲ್ಪ ತೆರೆದು ಕೇಳುವ ಮಗು. ನನ್ನ ಮಾತು ಮುಗಿಯುವ ಮೊದಲೇ ಅವಳ ತುಟಿ ಅದನ್ನು ಹೇಳಿಕೊಂಡಿರುತ್ತಿತ್ತು. ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಅವಳ ಜೊತೆಗೆ ಇನ್ನೂ ಕೆಲವರು ಇರಲಿಲ್ಲ.

"ಕಬ್ಬು ಕಡಿಯಾಕ ಹೋಗ್ಯಾರ್ರಿ," ಎಂದರು ಹೆಡ್ ಮಾಸ್ತರು. "ಹೋಳಿ ಹುಣ್ಣಿವಿ ದಾಟಿದ ಮ್ಯಾಲೆ ಬರ್ತಾರ."

ಊರಿನ ಹಲವು ಮನೆಗಳವರು ಹಾಸಿಗೆ, ಪಾತ್ರೆ, ಕೋಳಿ, ಮಕ್ಕಳನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಕೃಷ್ಣೆಯಾಚೆ ಮರಾಠಿ ಮಾತಾಡುವ ಕಬ್ಬಿನ ಸೀಮೆಗೆ ಹೋಗಿಬಿಟ್ಟಿದ್ದರು. ಪ್ರತಿ ವರ್ಷ ಹೋಗುವವರೇ. ಊರಿಗೆ ಅದು ಹೊಸ ಸುದ್ದಿಯಲ್ಲ, ನನಗೆ ಮಾತ್ರ ಹೊಸದು.

ಹೋಳಿ ಕಳೆದ ಮೇಲೆ ಆ ಹುಡುಗಿ ಬಂದಳು. ಮೈ ಕಪ್ಪಾಗಿತ್ತು, ಮುಂಗೈ ತುಂಬ ಕಬ್ಬಿನ ಒಣ ಎಲೆಯ, ರವದಿಯ ಗೀರುಗಳು. ಸಾಲಿನ ಕೊನೆಗೆ ಕೂತು ಪುಸ್ತಕ ತೆರೆದಳು. ದಸರೆಗೆ ಮೊದಲು ತಾನು ನಿಂತಿದ್ದ ಪುಟವನ್ನೇ ತೆರೆದಿದ್ದಳು. ಅವಳ ಓರಗೆಯವರು ಪುಸ್ತಕ ಮುಗಿಸುತ್ತ ಬಂದಿದ್ದರು. ಅವರು ಓದುವಾಗ ಇವಳು ತನ್ನ ಹಳೆಯ ಪುಟವನ್ನೇ ಬೆರಳಿಟ್ಟು ಓದಿಕೊಳ್ಳುತ್ತಿದ್ದಳು. ಕೆಲವು ದಿನ ಬಂದು, ಆಮೇಲೆ ಬರುವುದನ್ನು ಬಿಟ್ಟಳು.

ನಾನು ಅವರ ಮನೆಗೆ ಹೋದೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನಗಿಂತ ಬಹಳ ದೊಡ್ಡವಳೇನಲ್ಲ.

"ಯಾಕವ್ವ, ಮಗಳನ್ನ ಕಳಸವಲ್ಲಿ?"

"ನಾ ಬ್ಯಾಡ ಅಂದಿಲ್ರಿ ಅಕ್ಕೋರ. ಸಾಲಿ ಮುಂದ ಹೋಗೇತಿ ಅಂತಾಳ. ಓಡಿ ಹಿಡಿಯಾಕ ಆಗೂದಿಲ್ಲ ಅಂತಾಳ."

ಹುಡುಗಿ ಒಳಗಿನ ಕಂಬಕ್ಕೆ ಒರಗಿ ನಿಂತು ನಮ್ಮ ಮಾತು ಕೇಳುತ್ತಿದ್ದಳು. ನಾನು ಕರೆದರೆ ಹೊರಗೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಸವದತ್ತಿಯಲ್ಲಿ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ಕಲಿಸಲು ಬಂದ ಹೆಣ್ಣುಮಗಳು ನಮ್ಮ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನಾಲ್ಕು ಜಮಖಾನೆ ಹಾಸಿ, ನಮ್ಮನ್ನು ಗುಂಪು ಮಾಡಿ ಕೂಡಿಸಿದಳು. ಒಂದು ಕಡೆ ಓದುವುದು, ಒಂದು ಕಡೆ ಬೀಜ ಎಣಿಸುವುದು, ಒಂದು ಕಡೆ ಚಿತ್ರ ನೋಡಿ ಕತೆ ಕಟ್ಟುವುದು, ಇನ್ನೊಂದು ಕಡೆ ಅವಳ ಎದುರಿಗೆ ಕೂತು ಹೊಸದನ್ನು ಕಲಿಯುವುದು. ಗಂಟೆ ಬಾರಿಸಿದರೆ ಎದ್ದು ಮುಂದಿನ ಜಮಖಾನೆಗೆ ಹೋಗಬೇಕು. ದೊಡ್ಡ ಮೀಸೆಯ ಮಾಸ್ತರರು ನಕ್ಕೋತ ನಕ್ಕೋತ ಧೋತರ ಸಾವರಿಸಿಕೊಂಡು ಎದ್ದು ಹೋಗುತ್ತಿದ್ದರು. ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದರು. ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಮುಂದೆ ಹೋದವರು ಹೋಗಲಿ, ನಿಂತವರು ನಿಂತಲ್ಲಿಂದ ಹತ್ತಲಿ.

ಉಳಿದವರಿಗೆ ಅದು ಆಟದಂತೆ ಕಂಡಿರಬಹುದು. ನಾನು ಮಾತ್ರ ಬೈಲಹೊಂಗಲದ ಬಸ್ಸಿನಲ್ಲಿ ಕೂತಾಗ ಆ ಹುಡುಗಿಯ ಬೆರಳಿನಡಿಯ ಹಳೆಯ ಪುಟವನ್ನೇ ನೆನೆಯುತ್ತಿದ್ದೆ.

ಅಪ್ಪನಿಗೆ ಹೇಳಿದೆ. ಅವನು ಅರ್ಧ ಕೇಳಿದ, ಅರ್ಧ ಹೊಲಿದ. ಆದರೆ ಸಾಲಿ ಶುರುವಾಗುವ ಹೊತ್ತಿಗೆ ತುಂಡರಿವೆಗಳನ್ನು ಕೂಡಿಸಿ ನಾಲ್ಕು ಬಣ್ಣದ ಹಾಸು ಹೊಲಿದುಕೊಟ್ಟ. ಒಂದು ಡಬ್ಬಿ ತುಂಬ ಗುಂಡಿಗಳನ್ನೂ ಕೊಟ್ಟ. ಒಂದರಂತೆ ಇನ್ನೊಂದು ಇರಲಿಲ್ಲ. "ಜೋಡಿ ಸಿಗದ್ದು ಇವು. ನಿನಗ ಬರ್ತಾವ ನೋಡು," ಎಂದ. ಆ ಗುಂಡಿಗಳನ್ನು ನಾನು ಗೋಡೆಯ ಮೇಲೆ ಕಟ್ಟಿದ ದಾರಗಳಿಗೆ ಪೋಣಿಸಿದೆ. ಒಂದು ಮಗುವಿಗೆ ಒಂದು ದಾರ, ಒಂದು ಗುಂಡಿ. ಕಾರ್ಡು ಮುಗಿಸಿದಂತೆ ಗುಂಡಿ ಮೇಲಕ್ಕೆ ಸರಿಯುತ್ತಿತ್ತು.

ಹೆಡ್ ಮಾಸ್ತರು ಖುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡಿದರು. "ಮಾಡ್ರಿ. ಆದರ ಗದ್ದಲ ಆದ್ರ ನಾ ಮತ್ತ ಸಾಲು ಹಚ್ಚಾಂವ," ಎಂದರು.

ಗದ್ದಲವೇ ಆಯಿತು. ಮೊದಲ ವಾರ ಎಣಿಕೆಯ ಮೂಲೆಯಲ್ಲಿಟ್ಟ ಶೇಂಗಾ ಬೀಜಗಳನ್ನು ಮಕ್ಕಳು ತಿಂದುಬಿಟ್ಟರು. ಹುಣಸೆ ಬೀಜ ತಂದಿಟ್ಟೆ. ಅವನ್ನೂ ಹುರಿದು ತರಲೇ ಎಂದು ಒಬ್ಬ ಕೇಳಿದ. ಬಾಗಿಲಿನಿಂದ ನುಗ್ಗಿದ ಆಷಾಢದ ಗಾಳಿಗೆ ಕಾರ್ಡುಗಳೆಲ್ಲ ಹಾರಿ ಒಂದನೆಯ ತರಗತಿಯವು ನಾಲ್ಕನೆಯದರಲ್ಲಿ ಕೂಡಿದವು. ಗಂಟೆ ಬಾರಿಸಿದಾಗ ಎಲ್ಲರೂ ಒಂದೇ ಮೂಲೆಗೆ ಓಡಿದರು. ಹೊಲಕ್ಕೆ ಹೊರಟ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಇಣುಕಿ, "ಸಾಲಿ ಇವತ್ತ ಯಾಕ ಲಗೂನ ಬಿಟ್ರಿ?" ಎಂದರು.

"ಬಿಟ್ಟಿಲ್ರಿ, ನಡದೈತಿ," ಎಂದೆ.

ಅವರು ಇನ್ನೊಂದಿಷ್ಟು ಹೊತ್ತು ನೋಡಿದರು. ಅಷ್ಟರಲ್ಲಿ ಗಂಟೆಯಾಗಿ ಮಕ್ಕಳು ಒಂದು ಮೂಲೆಯಿಂದ ಇನ್ನೊಂದಕ್ಕೆ ಎದ್ದು ಹೋದರು. "ಹಂತಿ ಹೂಡೀರಿ ಹಂಗಾರ," ಎಂದು ಅವರು ನಡೆದರು. ಕಣದ ನಡುವೆ ಮೇಟಿ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಸುತ್ತ ತುಳಿಸುವುದಕ್ಕೆ ನಮ್ಮ ಕಡೆ ಹಂತಿ ಎನ್ನುತ್ತಾರೆ. ಮಕ್ಕಳಿಗೆ ಆ ಮಾತು ಹಿಡಿಸಿತು. ಅಂದಿನಿಂದ ಅವರು ಗಂಟೆ ಕೇಳಿದರೆ "ಹಂತಿ, ಹಂತಿ" ಎನ್ನುತ್ತ ಏಳುತ್ತಿದ್ದರು. ತಿರುಗುವ ದಿಕ್ಕೂ ಅವರಿಗೆ ತಾನಾಗಿ ತಿಳಿಯಿತು.

ಶ್ರಾವಣದ ಹೊತ್ತಿಗೆ ಒಂದು ಬಗೆಯ ಲಯ ಕೂಡಿಬಂತು. ಹೆಡ್ ಮಾಸ್ತರರ ಖುರ್ಚಿ ಗಂಟೆ ಬಾರಿಸುವ ನೆಪದಲ್ಲಿ ಕೋಣೆಯ ನಡುವಿಗೆ ಬಂತು. ಒಂದು ದಿನ ನಾನು ಹಲಗೆಯಿಂದ ತಿರುಗಿ ನೋಡಿದರೆ ಖುರ್ಚಿ ಖಾಲಿ. ಅವರು ಹಳದಿ ಹಾಸಿನ ಮೇಲೆ ಸಣ್ಣ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಕತೆ ಹೇಳುತ್ತಿದ್ದರು. ಗಂಟೆ ಬಾರಿಸುವುದು ಮರೆತಿತ್ತು.

"ಕುಂತೇನೇನೋ ಖರೆ," ಎಂದರು ನನ್ನನ್ನು ನೋಡಿ, "ಇನ್ನ ಏಳಬೇಕಂದ್ರ ಯಾರರ ಕೈ ಹಿಡೀಬೇಕು."

ಮಕ್ಕಳೆಲ್ಲ ಕೂಡಿ ಅವರನ್ನು ಎಬ್ಬಿಸಿದರು.

ಅವರ ದನಿ ಬಹಳ ಚೆಂದ. ಪದ್ಯ ಓದಿದರೆ ಕೋಣೆ ತಾನಾಗಿ ಸುಮ್ಮನಾಗುತ್ತಿತ್ತು. ಆದರೆ ಅವರು ಮೀಟಿಂಗಿಗೆ ಹೋದ ದಿನ ಕತೆಯ ಮೂಲೆ ಬಿಕೋ ಎನ್ನುತ್ತಿತ್ತು. ನಾನೊಬ್ಬಳೇ ನಾಲ್ಕೂ ಮೂಲೆಗೆ ಸಾಲುತ್ತಿರಲಿಲ್ಲ. ಒಂದು ಸೋಮವಾರ ಅವರು ಮುನವಳ್ಳಿಯಿಂದ ಬರುವಾಗ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ತಮ್ಮ ಮನೆಯ ಟೇಪ್ ರೆಕಾರ್ಡರ್ ತಂದರು. ಅವರ ಹೆಂಡತಿ ಭಜನೆ ಕೇಳುತ್ತಿದ್ದ ಯಂತ್ರವಂತೆ.

"ಮನ್ಯಾಗ ಏನಂದ್ರು?" ಎಂದೆ.

"ಭಜನಿ ಬಾಯಿಲೇನೂ ಮಾಡಬಹುದು ಅಂದ್ಲು," ಎಂದು ನಕ್ಕರು. "ನಾ ಇಲ್ಲದಾಗ ನನ್ನ ದನಿಯರ ಇರ್ಲಿ."

ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ನಾವು ಪಾಠ ತುಂಬಲು ಕೂತೆವು. ಅವರು ಪದ್ಯ ಹೇಳಿ, ನಡುವೆ ಬಿಡುವು ಕೊಟ್ಟು, "ಈಗ ನೀವು ಅನ್ರಿ" ಎನ್ನುವರು. ಮಗ್ಗಿ, ಒಂದೆರಡು ಕತೆ, ಉಕ್ತಲೇಖನ. ನಾನು ಗುಂಡಿ ಒತ್ತುವವಳು. ಹೊರಗೆ ಹಿಟ್ಟಿನ ಗಿರಣಿ ಟುಕುಟುಕು ಎನ್ನುತ್ತಿತ್ತು, ಎಲ್ಲೋ ಕರು ಕೂಗುತ್ತಿತ್ತು. ಒಂದು ಪದ್ಯದ ನಡುವೆ ಅವರಿಗೆ ಕೆಮ್ಮು ಬಂತು. ಮತ್ತೆ ತುಂಬೋಣವೇ ಎಂದರೆ, "ಬಸ್ಸು ತಪ್ಪತೈತಿ, ಇರ್ಲಿ ಬಿಡ್ರಿ," ಎಂದರು.

ಆ ಟೇಪಿನ ಮೂಲೆ ಬಂದ ಮೇಲೆ ನಮ್ಮ ಕೋಣೆ ನಿಜಕ್ಕೂ ನಾಲ್ಕು ಕೋಣೆಯಾಯಿತು. ಒಂದು ಕಡೆ ಮಾಸ್ತರರ ದನಿ ಮೆಲ್ಲಗೆ ಪದ್ಯ ಹೇಳಿದರೆ, ಮಕ್ಕಳು ತಲೆಗೆ ತಲೆ ಹಚ್ಚಿ ಕೇಳಿ ತಿರುಗಿ ಹೇಳುವರು. ಇನ್ನೊಂದು ಕಡೆ ಬೀಜಗಳ ಸಪ್ಪಳ. ಓದುವ ಮೂಲೆಯಲ್ಲಿ ದೊಡ್ಡವರು ಸಣ್ಣವರ ಬೆರಳು ಹಿಡಿದು ಅಕ್ಷರದ ಮೇಲೆ ನಡೆಸುವರು. ನನ್ನೆದುರಿಗೆ ಕೆಲವೇ ಮಕ್ಕಳು, ಹಾಗಾಗಿ ಒಬ್ಬೊಬ್ಬರ ಮುಖ ನೋಡಿ ಕಲಿಸುವ ಬಿಡುವು. ಬ್ಯಾಟರಿ ಸೆಲ್ಲುಗಳು ಸೋತರೆ ಮಾಸ್ತರರ ದನಿ ಗಡಸಾಗಿ, ಎಮ್ಮೆಯ ಹಾಗೆ ಎಳೆಯುವುದು. ಮಕ್ಕಳು ಸೆಲ್ಲುಗಳನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ಕಾಯುವರು.

ಆ ಹುಡುಗಿಯನ್ನು ನಾನು ಜೂನಿನಲ್ಲೇ ಹೋಗಿ ಕರೆತಂದಿದ್ದೆ. ಗೋಡೆಯ ಮುಂದೆ ನಿಲ್ಲಿಸಿ, ಹಸಿರು ಗುಂಡಿಯನ್ನು ತೋರಿಸಿ, ಇದು ನಿನ್ನದು ಎಂದೆ.

"ನಾ ಮತ್ತ ಕಬ್ಬಿಗಿ ಹೋದ್ರ ಇದು ಮುಂದ ಹೊಕ್ಕೈತೇನ್ರಿ?"

"ಇಲ್ಲ. ನೀ ಸರಿಸಿದ್ರ ಅಷ್ಟ ಸರೀತೈತಿ."

ಅವಳು ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿ ಹಾಸಿನ ಮೇಲೆ ಹೋಗಿ ಕೂತಳು. ದಸರೆಯವರೆಗೆ ಅವಳು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ನೋಡುವುದೇ ಒಂದು ಸಂತೋಷ.

ಕಬ್ಬಿಗೆ ಹೊರಡುವ ಹಿಂದಿನ ದಿನ ತಾಯಿಯೇ ಶಾಲೆಗೆ ಬಂದಳು. ಬಾಗಿಲ ಹೊರಗೆ ನಿಂತು, ಸೆರಗು ಬಾಯಿಗಿಟ್ಟುಕೊಂಡು, "ಅಕ್ಕೋರ, ನಮ್ಮ ಟ್ರ್ಯಾಕ್ಟರನ್ಯಾಗ ಟೇಪ ಐತ್ರಿ. ಡ್ರೈವರ ಹಾಡ ಹಚ್ಚತಾನ. ಈಕಿ ಒಂದಽ ಗಂಟ ಬಿದ್ದಾಳ, ಮಾಸ್ತರ ದನಿ ಒಯ್ಯೂನು ಅಂತ," ಎಂದಳು.

ನಾನು ಹೆಡ್ ಮಾಸ್ತರರ ಮುಖ ನೋಡಿದೆ. ಅವರು ಕ್ಯಾಸೆಟ್ಟನ್ನು ಟೇಪಿನಿಂದ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಹುಡುಗಿಯ ಕೈಗೆ ಕೊಟ್ಟರು. ನಮಗೆ ಇನ್ನೊಂದು ತುಂಬಿಕೊಂಡರಾಯಿತು ಎಂದರು. ನಾನು ಒಂದಿಷ್ಟು ಕಾರ್ಡುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟೆ.

ಆ ಚಳಿಗಾಲವೆಲ್ಲ ನಾನು ಪಾಠದ ನಡುವೆ ಕಬ್ಬಿಗೆ ಹೋದವರನ್ನು ನೆನೆಯುತ್ತಿದ್ದೆ. ಗೋಡೆಯ ಮೇಲೆ ಬೇರೆ ಗುಂಡಿಗಳು ಸರಿದಾಡುತ್ತಿದ್ದವು. ಹೋದವರ ಗುಂಡಿಗಳು ಇದ್ದಲ್ಲೇ ಇದ್ದವು. ಕಸಗುಡಿಸುವ ಪಾಳಿಯ ಮಕ್ಕಳು ಅವುಗಳ ಧೂಳನ್ನೂ ಒರೆಸುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಹೋಳಿಯ ಬಣ್ಣ ಇನ್ನೂ ಗೋಡೆಗಳ ಮೇಲಿರುವಾಗಲೇ ಹುಡುಗಿ ಬಂದಳು. ಚಪ್ಪಲಿಯಿಲ್ಲದ ಕಾಲಿನ ಧೂಳು ಸಹ ಜಾಡಿಸದೆ ನೇರ ಗೋಡೆಯ ಬಳಿಗೆ ಹೋದಳು.

"ಅಕ್ಕೋರ, ನಂದು ಇಲ್ಲೇ ಐತಿ."

"ಎಲ್ಲಿ ಹೋಗ್ತೈತಿ ಮತ್ತ?"

ಅವಳನ್ನು ನನ್ನೆದುರು ಕೂಡಿಸಿಕೊಂಡು ಪದ್ಯ ಕೇಳಿದೆ. ಕೈಕಟ್ಟಿ, ಕಣ್ಣು ಮುಚ್ಚಿ ಶುರುಮಾಡಿದಳು. ಮಾಸ್ತರರದೇ ಏರಿಳಿತ. ಪದ್ಯದ ನಡುವೆ ತಟ್ಟನೆ ನಿಂತು, ಎರಡು ಸಲ ಕೆಮ್ಮಿ, ಮುಂದುವರಿಸಿದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಹೆಡ್ ಮಾಸ್ತರರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವಳಿಗೆ ಆ ಕೆಮ್ಮೂ ಪದ್ಯದ ಒಂದು ಭಾಗವೇ ಆಗಿತ್ತು. "ಈಗ ನೀವು ಅನ್ರಿ" ಎಂಬುದನ್ನೂ ಬಿಡದೆ ಹೇಳಿದಳು. ಸುತ್ತ ಕೂತವರೆಲ್ಲ ಹೇಳಿಕೊಟ್ಟಂತೆ ತಿರುಗಿ ಅಂದರು.

ಒಯ್ದ ಕಾರ್ಡುಗಳನ್ನೂ ಮುಗಿಸಿಕೊಂಡು ಬಂದಿದ್ದಳು. ಅಂದು ಅವಳ ಗುಂಡಿ ಒಂದೇ ದಿನದಲ್ಲಿ ಬಹಳ ಮೇಲೆ ಹೋಯಿತು. ಓರಗೆಯವರ ಸಾಲಿಗೆ ಬಂದು ನಿಂತಿತು.

ಕೆಲವು ದಿನಗಳ ನಂತರ ಅವಳ ತಾಯಿ ನೀರಿನ ಕೊಡ ಹೊತ್ತು ಎದುರಾದಳು. "ಟ್ರ್ಯಾಕ್ಟರ ಕಾರಖಾನಿ ಮುಂದ ಪಾಳಿ ಹಚ್ಚಿ ನಿಂತಾಗ ಡ್ರೈವರ ಅದನ್ನ ಹಚ್ಚತಿದ್ದ್ರಿ," ಎಂದಳು. "ಮೊದಲ ಬೈತಿದ್ದ. ಆಮ್ಯಾಲೆ ಅವನಽ ಮಗ್ಗಿ ಅನ್ನಾಕ ಹತ್ತಿದ. ನಾವೂ ಕಬ್ಬು ಕಡಕೋತ ಆ ಪದಾ ಅಂತಿದ್ವಿ. ನನಗೂ ಪೂರಾ ಬರತೈತ್ರಿ." ಹೇಳಿ, ಕೊಡ ಇಳಿಸದೆಯೇ ಎರಡು ಸಾಲು ಹಾಡಿ ತೋರಿಸಿದಳು. ಬಾವಿಯ ದಾರಿಯಲ್ಲಿ ನಿಂತು ನಾವಿಬ್ಬರೂ ನಕ್ಕೆವು.

ಮರುವರ್ಷವೂ ಹಾಗೇ ಹೋಗಿ ಹಾಗೇ ಬಂದಳು. ನಾಲ್ಕನೆಯ ತರಗತಿಯಲ್ಲಿ ಟೇಪಿನ ಮೂಲೆಯ ಯಜಮಾನಿಕೆ ಅವಳದೇ. ನನ್ನ ಜೀವನದಲ್ಲಿ ಆ ಎರಡು ವರ್ಷಗಳಷ್ಟು ಹಗುರಾಗಿ ನಾನು ಎಂದೂ ಕೆಲಸಕ್ಕೆ ನಡೆದು ಹೋಗಿಲ್ಲ. ಹೊಲದ ದಾರಿಯಲ್ಲಿ ಕುಸುಬಿಯ ಮುಳ್ಳು ಸೀರೆಗೆ ಚುಚ್ಚುತ್ತಿದ್ದರೂ, ದೂರದಿಂದಲೇ ಆ ಕೋಣೆಯ ಗುಂಯ್ಗುಟ್ಟುವಿಕೆ ಕಿವಿಗೆ ಬಿದ್ದರೆ ಕಾಲು ಬೇಗ ಬೇಗ ಬೀಳುತ್ತಿತ್ತು. ಅದು ಗದ್ದಲವಲ್ಲ, ಮೌನವೂ ಅಲ್ಲ. ಆಮೇಲೆ ನಾನು ಅಂಥ ಸದ್ದನ್ನು ಎಷ್ಟೋ ಶಾಲೆಗಳಲ್ಲಿ ಕಿವಿಗೊಟ್ಟು ಹುಡುಕಿದ್ದೇನೆ.

ಮುಂದಿನದೆಲ್ಲ ಒಳ್ಳೆಯದೇ ಆಯಿತು ಎನ್ನಬೇಕು. ಶಾಲೆಗೆ ಹೊಸ ಕೋಣೆಗಳು ಮಂಜೂರಾದವು. ಹೊಸ ಶಿಕ್ಷಕರು ಬಂದರು. ಒಂದೊಂದು ತರಗತಿಗೆ ಒಂದೊಂದು ಕೋಣೆ, ಒಬ್ಬೊಬ್ಬ ಶಿಕ್ಷಕರು. ಊರಿನವರು ಕಾಯಿ ಒಡೆದರು, ಸಕ್ಕರೆ ಹಂಚಿದರು. ನಾನೂ ಸಂತೋಷಪಟ್ಟೆ. ಆದರೆ ಪ್ರತಿ ಕೋಣೆಯಲ್ಲೂ ಮಕ್ಕಳು ಮತ್ತೆ ಸಾಲಾಗಿ ಕೂತರು. ಒಂದೇ ತರಗತಿಯವರು ಎಂದ ಮೇಲೆ ಎಲ್ಲರೂ ಒಂದೇ ಪುಟದಲ್ಲಿರಬೇಕು ಎಂಬುದು ಬಂದವರ ಲೆಕ್ಕ. ಸಣ್ಣವರ ಬೆರಳು ಹಿಡಿಯುತ್ತಿದ್ದ ದೊಡ್ಡವರು ಗೋಡೆಯ ಆಚೆಗಿದ್ದರು. ಆ ವರ್ಷವೇ ಹೆಡ್ ಮಾಸ್ತರರ ನಿವೃತ್ತಿ. ಬೀಳ್ಕೊಡುವ ದಿನ ಅವರು ಭಾಷಣ ಮಾಡಲಿಲ್ಲ. ಮಕ್ಕಳೊಂದಿಗೆ ಆ ಪದ್ಯ ಹೇಳಿ, ಎಲ್ಲರ ತಲೆ ಮುಟ್ಟಿ, ಟೇಪನ್ನು ಮತ್ತೆ ವಲ್ಲಿಯಲ್ಲಿ ಸುತ್ತಿಕೊಂಡು ಹೋದರು.

ಐದನೆಯ ತರಗತಿಗೆ ಹುಡುಗಿ ಸಾಲಹಳ್ಳಿಗೆ ನಡೆದು ಬರಬೇಕಿತ್ತು. ಜೂನಿನಲ್ಲಿ ಬಂದಳು. ಸಂಜೆ ಒಮ್ಮೊಮ್ಮೆ ನಾನಿದ್ದ ಪಡಸಾಲೆಗೆ ಬಂದು ಕೂತು ಹೋಗುತ್ತಿದ್ದಳು. ದಸರೆಯಾದ ಮೇಲೆ ತಾಯಿಯನ್ನೂ ಕರೆದುಕೊಂಡು ಬಂದಳು.

"ಈ ಸಲ ಅಲ್ಲೇ ಉಳೀತೇವ್ರಿ ಅಕ್ಕೋರ," ಎಂದಳು ತಾಯಿ. "ಈಕಿ ಅಪ್ಪಗ ಒಬ್ಬರ ತ್ವಾಟದಾಗ ವರ್ಷದ ಕೆಲಸಾ ಸಿಕ್ಕೈತಿ. ಇರಾಕ ಮನಿ ಕೊಡ್ತಾರಂತ. ಹೋಗೂದು ಬರೂದು ಸಾಕಾಗೈತ್ರಿ ನಮಗ."

"ಇವಳ ಸಾಲಿ?"

"ಅಲ್ಲೇ ಮರಾಠಿ ಸಾಲಿ ಐತಂತ್ರಿ. ಹಾಕ್ತೇನಿ. ಆಣಿ ಮಾಡಿ ಹೇಳ್ತೇನಿ, ಹಾಕ್ತೇನಿ."

ಹುಡುಗಿ ಬಾಗಿಲ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಚಹಾ ಮಾಡಿದೆ. ಅವಳು ಕುಡಿದು, ಕಪ್ಪು ತೊಳೆದಿಟ್ಟು, "ಬರ್ತೇನ್ರಿ" ಎಂದಳು. ಆ ವರ್ಷ ಹೋಳಿಯಾಯಿತು, ಯುಗಾದಿಯಾಯಿತು. ಟ್ರ್ಯಾಕ್ಟರುಗಳು ಬಂದವು. ಅವರ ಮನೆಯ ಬೀಗ ಹಾಗೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ದೊಡ್ಡ ಶಾಲೆ, ಮನೆಯ ಹತ್ತಿರ. ಅಪ್ಪನಿಗೆ ಕಣ್ಣು ಮಂದವಾಗಿ ಅಂಗಡಿ ಮುಚ್ಚಿದ್ದ ಕಾಲ. ನಾನು ಮನೆಯಲ್ಲಿರುವುದು ಬೇಕಾಗಿತ್ತು. ಕೆಲವು ವರ್ಷಗಳಲ್ಲಿ ಅಲ್ಲಿಗೆ ಕಂಪ್ಯೂಟರುಗಳು ಬಂದವು. ಮೇಲ್ಛಾವಣಿಯ ಮೇಲೆ ತಟ್ಟೆಯಂಥ ಆಂಟೆನಾ ಕೂಡಿಸಿ ಟಿವಿಯಲ್ಲಿ ಪಾಠ ತೋರಿಸತೊಡಗಿದರು. ಇಡೀ ತರಗತಿಯನ್ನು ಸಾಲಾಗಿ ಕೂಡಿಸಿ, ಕಿಟಕಿ ಮುಚ್ಚಿ, ಪರದೆ ನೋಡಿಸುವುದು. ಪಾಠ ಚೆಂದವೇ ಇರುತ್ತಿತ್ತು. ಆದರೆ ಹಿಂದೆ ಕೂತವರು ಮುಂದಿನವರ ತಲೆ ನೋಡುತ್ತಿದ್ದರು. ಟಿವಿಯೊಳಗಿನವರು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ.

ಒಂದು ವರ್ಷ ಧೈರ್ಯಮಾಡಿ ಹೇಳಿದೆ. ಕಂಪ್ಯೂಟರಿನ ಮುಂದೆ ಒಂದು ಗುಂಪು, ಪುಸ್ತಕದ ಮುಂದೆ ಒಂದು, ಆಟದ ಗಣಿತಕ್ಕೆ ಒಂದು, ನನ್ನ ಮುಂದೆ ಒಂದು, ಹೀಗೆ ತಿರುಗಿಸೋಣ ಎಂದು. ಹೊಸದಾಗಿ ಬಂದಿದ್ದ ಒಬ್ಬ ಶಿಕ್ಷಕಿಗೆ ಇದು ಹಿಡಿಸಿತು. ನಾವಿಬ್ಬರೂ ಕೂಡಿ ಮೂರನೆಯ ತರಗತಿಗೆ ಅದನ್ನು ಮಾಡಿದೆವು. ನಡೆಯಿತು. ಮಕ್ಕಳು ಮೌಸ್ ಹಿಡಿಯಲು ಪಾಳಿ ಹಚ್ಚಿ, ತಪ್ಪಿದವರಿಗೆ ಹೇಳಿಕೊಡುತ್ತ, ಗಂಟೆಯಾದರೆ ಎದ್ದು ಹೋಗುತ್ತಿದ್ದರು. ಕರೆಂಟು ಹೋದರೆ ಆ ಮೂಲೆಯವರು ನಿಟ್ಟುಸಿರುಬಿಟ್ಟು ಪುಸ್ತಕಕ್ಕೆ ಬರುತ್ತಿದ್ದರು.

"ನಿಮಗ ಇದು ಎಲ್ಲಿ ಹೊಳೀತ್ರಿ?" ಎಂದು ಆ ಶಿಕ್ಷಕಿ ಕೇಳಿದಳು.

ಹೇಳಲು ಹೊರಟೆ. ಕೆಂಪು ಕಲ್ಲಿನ ಕೋಣೆಯಿಂದ ಶುರುಮಾಡಿದೆ. ಅಷ್ಟರಲ್ಲೇ ಬಿಡುವಿನ ಗಂಟೆ ಮುಗಿಯಿತು. ಆ ಮೇಲೆ ಯಾರಿಗೂ ಪೂರ್ತಿ ಹೇಳಲಿಲ್ಲ. ಈ ಮಕ್ಕಳೂ ಚೆನ್ನಾಗಿಯೇ ಕಲಿಯುತ್ತಿದ್ದರು. ಆದರೂ ಮಧ್ಯಾಹ್ನ ಕೋಣೆ ತನ್ನ ಪಾಡಿಗೆ ನಡೆಯುತ್ತಿರುವಾಗ, ನನ್ನ ಮನಸ್ಸು ಇನ್ನೊಂದು ಕೋಣೆಗೆ ಹೋಗಿ ಅಲ್ಲಿನ ಮುಖಗಳನ್ನು ಒಂದೊಂದಾಗಿ ನೋಡಿಕೊಂಡು ಬರುತ್ತಿತ್ತು. ಒಂದು ಮುಖದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಈಗ ಎಷ್ಟು ಎತ್ತರ ಆಗಿರಬಹುದು, ಯಾವ ಭಾಷೆಯಲ್ಲಿ ಎಣಿಸುತ್ತಿರಬಹುದು ಎಂದು.

ಹಲವು ವರ್ಷಗಳ ನಂತರ ಒಂದು ಮುಂಜಾನೆ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ತರಬೇತಿಯೊಂದಕ್ಕೆ ಬಂದು ರಾತ್ರಿ ಉಳಿದು ಊರಿಗೆ ಹೊರಟವಳು. ಯಾರೋ "ಅಕ್ಕೋರ" ಎಂದರು. ಪೇಟೆಯಲ್ಲಿ ನನ್ನನ್ನು ಮೇಡಂ ಎನ್ನುತ್ತಿದ್ದರು. ಆ ಮಾತು ಕೇಳಿ ಎಷ್ಟೋ ದಿನಗಳಾಗಿದ್ದವು. ತಿರುಗಿ ನೋಡಿದರೆ ಹಸಿರು ಬಳೆ ತೊಟ್ಟ, ಕಂಕುಳಲ್ಲಿ ಕೂಸಿದ್ದ ಹೆಣ್ಣುಮಗಳು. ಬಾಯಿ ಸ್ವಲ್ಪ ತೆರೆದಿತ್ತು. ಅದರಿಂದಲೇ ಗುರುತು ಹಿಡಿದೆ.

ದೇವಿಯ ದರ್ಶನಕ್ಕೆ ಗಂಡನ ಮನೆಯವರೊಂದಿಗೆ ಬಂದಿದ್ದಳಂತೆ. ಅವರ ಬಸ್ಸು ಆಗಲೇ ಎಂಜಿನ್ ಚಾಲೂ ಮಾಡಿ ನಿಂತಿತ್ತು. ಅತ್ತೆ ಕಿಟಕಿಯಿಂದ ಕೈಮಾಡಿ ಕರೆಯುತ್ತಿದ್ದಳು.

"ಓದಿದೇನವ್ವ?"

"ಏಳನೆತ್ತಾ ತನಕ ಓದಿದ್ನಿರಿ, ಮರಾಠೀಲೆ. ಮೊದಲ ಒಂದು ವರ್ಷ ಏನೂ ತಿಳೀಲಿಲ್ಲ. ಅಲ್ಲಿ ಎಲ್ಲಾರೂ ಕೂಡೇ ಮುಂದ ಹೋಗ್ತಿದ್ರು. ನಾ ಒಬ್ಬಾಕೀನ ಹಿಂದಿನ ಪುಸ್ತಕ ತಗೊಂಡು ಮನ್ಯಾಗ ಕುಂದರ್ತಿದ್ದೆ. ನಿಂತಲ್ಲಿಂದ ಹತ್ತೂದು ಅಂತ ನೀವು ಅಂತಿದ್ರೆಲ್ಲಾ, ಹಂಗ."

"ಆಮೇಲೆ?"

"ಆಮ್ಯಾಲೆ ಲಗ್ನ ಆತ್ರಿ." ಕೂಸನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡಳು. "ಅವ್ವ ಈಗೂ ಆ ಪದಾ ಅಂತಾಳ್ರಿ. ಮಾಸ್ತರ ಆರಾಮ ಅದಾರೇನು?"

"ಅದಾರ. ಮುನವಳ್ಳ್ಯಾಗ ಅದಾರ."

"ಆ ಕೋಲಿ ಹಂಗ ಐತೇನ್ರಿ?"

ಅದೀಗ ಅಕ್ಕಿ ಬೇಳೆ ಇಡುವ ಕೋಣೆಯಾಗಿದೆ ಎಂದು ಕೇಳಿದ್ದೆ. "ಐತಿ," ಎಂದೆ.

ಕಂಡಕ್ಟರ್ ಸೀಟಿ ಊದಿದ. ಅವಳು ಬಗ್ಗಿ ನನ್ನ ಕಾಲು ಮುಟ್ಟಿ, ಕೂಸಿನ ಕೈಯನ್ನೂ ನನ್ನ ಕೈಗೆ ತಾಗಿಸಿ, ಓಡಿ ಹೋಗಿ ಬಸ್ಸು ಹತ್ತಿದಳು. ಬಸ್ಸು ಗೇಟಿನಾಚೆ ತಿರುಗುವವರೆಗೆ ನಾನು ನಿಂತೇ ಇದ್ದೆ.

ನನ್ನ ಬಸ್ಸು ಮುನವಳ್ಳಿಗೆ ಬಂದಾಗ ಕೂತಿರಲು ಆಗಲಿಲ್ಲ, ಇಳಿದೆ. ಹೆಡ್ ಮಾಸ್ತರರ ಮನೆ ಪೇಟೆಯ ಹಿಂದೆ. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಿವಿ ಅಷ್ಟು ಕೇಳಿಸುತ್ತಿರಲಿಲ್ಲ. ನಾನು ಹತ್ತಿರ ಕೂತು ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಓಣಿಯಲ್ಲಿ ಹೋಗುವವರೂ ನಿಂತು ಕೇಳುವಷ್ಟು ದೊಡ್ಡದಾಗಿ. ಅವರು ತಲೆಯಾಡಿಸುತ್ತ ಕೇಳಿದರು.

"ಎತ್ತರ ಆಗ್ಯಾಳೇನು?"

"ನನಗಿಂತ ಎತ್ತರ ಆಗ್ಯಾಳ್ರಿ."

"ಏಳನೆತ್ತಾ ಅಂದ್ರಿ?"

"ಹೌದ್ರಿ. ಮರಾಠೀಲೆ."

ಅವರ ಹೆಂಡತಿ ಚಹಾ ತಂದಿಟ್ಟು ನನ್ನ ಮೈದಡವಿ ಒಳಗೆ ಹೋದರು.

"ಈಗ ಯಾವ ಊರಾಗ ಅದಾಳಂತ?" ಎಂದು ಕೇಳಿದರು ಮಾಸ್ತರು.

ನಾನು ಕೇಳಿರಲಿಲ್ಲ. ಅಷ್ಟೆಲ್ಲ ಮಾತಿನಲ್ಲಿ ಊರಿನ ಹೆಸರನ್ನೇ ಕೇಳಿರಲಿಲ್ಲ. ಬಸ್ಸಿನ ಬೋರ್ಡನ್ನೂ ನೋಡಿರಲಿಲ್ಲ. ಹಾಗೆಂದೆ. ಅವರಿಗೆ ಕೇಳಿಸಲಿಲ್ಲವೇನೋ, ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ಇನ್ನೊಮ್ಮೆ ಹೇಳಿದೆ.

"ಇರ್ಲಿ ಬಿಡ್ರಿ," ಎಂದರು. "ಚಾ ಆರತೈತಿ, ತಗೋರಿ."

ಸಂಜೆಯ ಬಸ್ಸಿನಲ್ಲಿ ನನಗೆ ಕಿಟಕಿಯ ಬದಿ ಸಿಕ್ಕಿತು. ಹೊಲಗಳಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ಬೈಲಹೊಂಗಲ ಬರುವವರೆಗೆ ಎದುರಿನಿಂದ ಹಾದುಹೋದ ಒಂದೊಂದು ಬಸ್ಸಿನ ಕಿಟಕಿಗಳನ್ನೂ ನಾನು ನೋಡುತ್ತಲೇ ಹೋದೆ.